ಮಣ್ಣು-ನೀರಿನ ವಿದ್ಯೆ ಯಾರ ಸೊತ್ತು?

(ಭಾಗ್ಯನಗರದಲ್ಲಿ ಗಿರಣಿ ಕೆಲಸಗಾರರು ಮತ್ತು ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಮಣ್ಣು ಮತ್ತು ನೀರಿನ ನಿರ್ವಹಣೆಯೆಂಬುದು ಇಂದು ವಿಶ್ವವಿದ್ಯಾಲಯಗಳಲ್ಲಿ ಒಂದು ಶಾಸ್ತ್ರವಾಗಿ ಬೆಳೆದಿದೆ. ಅದನ್ನು ಓದಿ ಪದವಿ ಪಡೆಯುವವರಿದ್ದಾರೆ, ಸಂಶೋಧನೆ ಮಾಡುವವರಿದ್ದಾರೆ. ಮಗ್ಗದ ಮುಂದೆ ಕೂಡುವ, ಗಿರಣಿಯಲ್ಲಿ ಚೀಲ ಹೊರುವ, ಸಂತೆಯಲ್ಲಿ ಅಂಗಡಿ ಹಾಕುವ ನಮಗೆ ಅದರಿಂದ ಆಗಬೇಕಾದ್ದೇನು ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಆಗಬೇಕಾದ್ದು ಬಹಳವಿದೆ. ಗಂಗಾವತಿ, ಕಾರಟಗಿಗಳ ಅಕ್ಕಿ ಗಿರಣಿಗಳು ತಿರುಗುವುದು ಕಾಲುವೆ ನೀರಿನಲ್ಲಿ ಬೆಳೆದ ಭತ್ತದಿಂದ. ಭತ್ತ ಬಾರದಿದ್ದರೆ ಹಮಾಲನಿಗೆ ಕೂಲಿಯಿಲ್ಲ. ಅವನಿಗೆ ಕೂಲಿಯಿಲ್ಲದಿದ್ದರೆ ಕಿರಾಣಿ ಅಂಗಡಿಯವನ ಉದ್ರಿ ಪುಸ್ತಕ ದಪ್ಪವಾಗುತ್ತದೆ. ನೇಕಾರನ ಸೀರೆಯನ್ನು ಕೊಳ್ಳುವವರಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಆಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಗೇಟುಗಳನ್ನು ಬದಲಿಸುವ ಕೆಲಸಕ್ಕಾಗಿ 2025-26ರಲ್ಲಿ ಎರಡನೆಯ ಬೆಳೆಗೆ ನೀರಿಲ್ಲವೆಂದು ತೀರ್ಮಾನವಾಯಿತು. ಒಂದು ಸರಪಳಿ ಎಷ್ಟು ಮನೆಗಳ ಒಲೆಗೆ ತಗಲಿಕೊಂಡಿದೆ ಎಂಬುದು ಆಗ ಎಲ್ಲರಿಗೂ ತಿಳಿಯಿತು. ಆದರೆ ಗೇಟು ಮುರಿದರೆ ಸದ್ದಾಗುತ್ತದೆ, ಮಂತ್ರಿಗಳು ಓಡಿಬರುತ್ತಾರೆ. ಮಣ್ಣು ಕೆಟ್ಟರೆ ಸದ್ದಾಗುವುದಿಲ್ಲ. ನಾವು ಇಂದು ಮಾತನಾಡಬೇಕಾದ್ದು ಈ ಸದ್ದಿಲ್ಲದ ನಾಶವನ್ನು ಕುರಿತು.

ಈ ಆಣೆಕಟ್ಟಿಗೆ 1945ರಲ್ಲಿ ಈ ದಂಡೆಯಲ್ಲಿ ನಿಜಾಮರ ಸಂಸ್ಥಾನವೂ ಆ ದಂಡೆಯಲ್ಲಿ ಮದ್ರಾಸ್ ಸರ್ಕಾರವೂ ಅಡಿಗಲ್ಲು ಹಾಕಿದವು. 1953ರಲ್ಲಿ ನೀರು ನಿಂತಿತು. ಮೊದಲು ಅದು ಹಿಡಿಯುತ್ತಿದ್ದುದು ಸುಮಾರು 133 ಟಿ.ಎಂ.ಸಿ. ಅಡಿ ನೀರು. ಹೂಳು ತುಂಬಿ ಈಗ ಹಿಡಿಯುವುದು ಸುಮಾರು 105. ಕಳೆದುಹೋದ ಆ ಜಾಗದಲ್ಲಿ ಕೂತಿರುವುದೇನು? ಮೇಲಿನ ಹೊಲಗಳಿಂದ, ಬೋಳಾದ ಗುಡ್ಡಗಳಿಂದ ತೊಳೆದುಬಂದ ಮಣ್ಣು. ಮೇಲಿನವನ ಹೊಲದ ಸಾರವೂ ಹೋಯಿತು, ಕೆಳಗಿನವನ ನೀರಿನ ಪಾಲೂ ಹೋಯಿತು.

ಇನ್ನು ಕಾಲುವೆಯ ಮಾತು. ಎಡದಂಡೆ ಕಾಲುವೆ 227 ಕಿಲೋಮೀಟರು ಉದ್ದ. ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಹರಿಯುತ್ತದೆ. ಯೋಜನೆ ಮಾಡಿದವರ ಲೆಕ್ಕವೇನು? ತೆಳುವಾಗಿ ನೀರು ಕೊಟ್ಟು, ಹೆಚ್ಚು ಭೂಮಿಯಲ್ಲಿ ಜೋಳ, ಹತ್ತಿ, ಶೇಂಗಾ ಬೆಳೆಸಬೇಕು. ಭತ್ತ ಸ್ವಲ್ಪ ಭಾಗದಲ್ಲಿ ಮಾತ್ರ. ನಡೆದದ್ದೇನು? ಕಾಲುವೆಯ ಮೇಲ್ಭಾಗದ ಎರೆ ಭೂಮಿಯೆಲ್ಲ ಭತ್ತದ ಗದ್ದೆಯಾಯಿತು. ಎರೆ ಮಣ್ಣು ನೀರನ್ನು ಬೇಗ ಬಸಿಯಗೊಡದು. ನಿಂತ ನೀರಿನಿಂದ ಅಂತರ್ಜಲ ಮೇಲೇರುತ್ತದೆ, ತನ್ನೊಡನೆ ಮಣ್ಣಿನೊಳಗಿನ ಉಪ್ಪನ್ನೂ ತರುತ್ತದೆ. ನೀರು ಬಿಸಿಲಿಗೆ ಆರುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ನಮ್ಮ ರೈತರು ಸವಳು-ಜವಳು ಎನ್ನುವುದು ಇದನ್ನೇ. ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ಭೂಮಿ ಕೆಟ್ಟಿತು. ಕೊನೆಯಂಚಿನ ರೈತ ಒಣ ಕಾಲುವೆಯನ್ನು ನೋಡುತ್ತ ಕೂತ.

ಇದಕ್ಕೆ ಭತ್ತ ಹಚ್ಚಿದ ಸಣ್ಣ ರೈತನನ್ನು ಬೈದರೆ ಸಾಕೇ? ಭತ್ತಕ್ಕೆ ಗಿರಣಿಯಿದೆ, ವ್ಯಾಪಾರಿಯಿದ್ದಾನೆ, ಮುಂಗಡ ಕೊಡುವವನಿದ್ದಾನೆ. ಜೋಳಕ್ಕೆ ಯಾರಿದ್ದಾರೆ? ಜೋಳಕ್ಕೆ ನ್ಯಾಯವಾದ ಬೆಲೆಯನ್ನೂ ಖರೀದಿಯನ್ನೂ ಖಾತ್ರಿಪಡಿಸದ ಸರ್ಕಾರ, ಜೋಳ ಬೆಳೆಯಿರಿ ಎಂದು ಹೇಳಿದರೆ ಅದು ನೀತಿಯಲ್ಲ, ಬರಿಯ ಉಪದೇಶ.

ವಿದ್ಯೆ ಇಲ್ಲವೇ? ಇದೆ, ದೂರದಲ್ಲೂ ಇಲ್ಲ. ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಗಂಗಾವತಿಯ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಅಧ್ಯಯನ ನಡೆದಿದೆ. ನೆಲದೊಳಗೆ ತೂತಿನ ಕೊಳವೆಗಳನ್ನು ಹೂತು ಉಪ್ಪುನೀರನ್ನು ಬಸಿದು ತೆಗೆಯುವ ವಿಧಾನವನ್ನು ಅಲ್ಲಿ ಪರೀಕ್ಷಿಸಿದ್ದಾರೆ. ಆದರೆ ಬಸಿದ ನೀರು ನೆರೆಯವನ ಹೊಲ ದಾಟಿಯೇ ಹಳ್ಳ ಸೇರಬೇಕು. ಎರಡೆಕರೆಯವನು ಒಬ್ಬನೇ ಇದನ್ನು ಮಾಡಲಾರ. ಅವನ ಕೈಯಲ್ಲಿ ಅಷ್ಟು ಹಣವೂ ಇಲ್ಲ. ಎಲ್ಲರೂ ಕೂಡಿಯೇ ಮಾಡಬೇಕು, ಸರ್ಕಾರ ವೆಚ್ಚ ಭರಿಸಬೇಕು. ಸಹಕಾರವೆಂಬುದು ನಮ್ಮ ಪಕ್ಷದ ಘೋಷಣೆ ಮಾತ್ರವಲ್ಲ. ಮಣ್ಣೇ ಅದನ್ನು ಕೇಳುತ್ತಿದೆ.

ಸಾಮೂಹಿಕ ಕೆಲಸ ನಮ್ಮ ಜನರಿಂದಾಗದು ಎನ್ನುವವರಿದ್ದಾರೆ. ಅವರು ಹಿರೇಹಳ್ಳವನ್ನು ನೋಡಲಿ. 2019ರಲ್ಲಿ ಕೊಪ್ಪಳ ಗವಿಮಠದ ಸ್ವಾಮಿಗಳು ಕರೆ ಕೊಟ್ಟಾಗ ಜನ ಮುಂದೆ ಬಂದು, 20 ಕಿಲೋಮೀಟರಿಗೂ ಮೀರಿ ಹಳ್ಳದ ಜಾಲಿ, ಹೂಳು, ಕಸ ತೆಗೆದರು. ಹಳ್ಳವನ್ನು ಉಳಿಸಿಕೊಂಡ ಜನ ಕಾಲುವೆಯ ನೆಲವನ್ನು ಉಳಿಸಿಕೊಳ್ಳಲಾರರೇ?

1951ರಲ್ಲಿ ಕಾಗೋಡಿನ ಗೇಣಿದಾರರು ಭೂಮಿ ಯಾರದು ಎಂದು ಕೇಳಿದರು. ಇಂದು ನಾವು ನೀರು ಯಾರದು, ನೀರಿನ ವಿದ್ಯೆ ಯಾರದು ಎಂದು ಕೇಳಬೇಕಾಗಿದೆ. ತೆರಿಗೆ ಹಣದಿಂದ ನಡೆದ ಸಂಶೋಧನೆ ಇಂಗ್ಲಿಷ್ ವರದಿಯಾಗಿ ಕಪಾಟು ಸೇರಿದರೆ ಅದು ಯಾರ ಕೆಲಸಕ್ಕೆ ಬಂತು?

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಮಣ್ಣಿನ ಮತ್ತು ಅಂತರ್ಜಲದ ಪರೀಕ್ಷೆಯ ಫಲಿತಾಂಶಗಳನ್ನು ವರ್ಷವರ್ಷ ಕನ್ನಡದಲ್ಲಿ ಗ್ರಾಮಸಭೆಯ ಮುಂದಿಡಬೇಕು. ಸವಳು ಭೂಮಿಯಲ್ಲಿ ಬಸಿಗಾಲುವೆಗಳನ್ನು ಸರ್ಕಾರದ ವೆಚ್ಚದಲ್ಲಿ ತೆಗೆಯಬೇಕು. ಕೊನೆಯಂಚಿನ ಪಾಲನ್ನು ಮೊದಲು ಎತ್ತಿಟ್ಟು ಉಳಿದುದನ್ನು ಹಂಚಬೇಕು. ಜೋಳಕ್ಕೆ ಬೆಲೆಯ ಖಾತ್ರಿ ಬೇಕು. ಕಾಲುವೆಗೆ ನೀರು ನಿಂತ ವರ್ಷ ಹಮಾಲರಿಗೂ ಕೂಲಿಗಳಿಗೂ ಕೆಲಸ ಕೊಡಬೇಕು; ಆ ಕೆಲಸ ಹೂಳೆತ್ತುವುದೂ ಬಸಿಗಾಲುವೆ ತೆಗೆಯುವುದೂ ಆಗಿರಲಿ. ಈ ಶಾಸ್ತ್ರ ಓದುವ ಕಾಲೇಜುಗಳಲ್ಲಿ ಕೂಲಿಕಾರರ, ನೇಕಾರರ ಮಕ್ಕಳಿಗೆ ಜಾಗವೂ ವಿದ್ಯಾರ್ಥಿವೇತನವೂ ದೊರೆಯಬೇಕು.

ಇದು ರೈತರ ಜಗಳ, ನಮ್ಮದಲ್ಲ ಎಂದು ಗಿರಣಿಯವರೂ ಅಂಗಡಿಯವರೂ ದೂರ ನಿಲ್ಲಬಾರದು. ಹೊಲ ಸವಳಾದರೆ ಪೇಟೆಯೂ ಸವಳಾಗುತ್ತದೆ. ಮುಂದಿನ ಗ್ರಾಮಸಭೆಗೆ, ಮುಂದಿನ ನೀರಾವರಿ ಸಭೆಗೆ ರೈತರ ಜೊತೆಯಲ್ಲಿ ನೀವೂ ಬನ್ನಿರಿ, ಲೆಕ್ಕ ಕೇಳಿರಿ.