ಅಗ್ಗದ ಮೋಟಾರು, ತುಟ್ಟಿ ಕರೆಂಟು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಉರ್ದು ಮತ್ತು ಕನ್ನಡ ಪಾಠ ಮಾಡುವ ಈ ಮಾಸ್ತರು ಇಂದು ಕರೆಂಟ್ ಮೋಟಾರಿನ ಬಗ್ಗೆ ಮಾತನಾಡುತ್ತಾರೆಂದು ಕೇಳಿ ತಮಗೆ ನಗು ಬಂದಿರಬಹುದು. ಆದರೆ ಇಲ್ಲಿ ಕುಳಿತಿರುವ ಪಾಲಕರಲ್ಲಿ ಎಷ್ಟು ಜನರ ಮನೆಯ ಒಲೆ ಒಂದು ಮೋಟಾರಿನಿಂದ ಉರಿಯುತ್ತಿದೆ ಎಂದು ಯೋಚಿಸಿ ನೋಡಿ. ಹಿಟ್ಟಿನ ಗಿರಣಿ, ವಿದ್ಯುತ್ ಮಗ್ಗ, ಮರ ಕೊಯ್ಯುವ ಮಿಲ್ಲು, ರೇಷ್ಮೆ ನೂಲು ತೆಗೆಯುವ ಘಟಕ, ಲೇತ್ ಅಂಗಡಿ, ಎಲ್ಲದರ ಜೀವ ಮೋಟಾರಿನಲ್ಲಿದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಅಂದಿನಿಂದ ನಮ್ಮ ನಾಡಿನ ದುಡಿಮೆಗೂ ವಿದ್ಯುತ್ತಿಗೂ ನಂಟು ಬೆಳೆಯುತ್ತಲೇ ಬಂದಿದೆ. ಹೀಗಿದ್ದರೂ ಮೋಟಾರು ಕೊಳ್ಳುವಾಗ ನಾವು ಕೇಳುವ ಪ್ರಶ್ನೆ ಒಂದೇ: "ಎಷ್ಟಕ್ಕೆ ಕೊಡುತ್ತೀರಿ?"

ಈ ತಪ್ಪನ್ನು ನಾನೂ ಮಾಡಿದ್ದೇನೆ. ನನ್ನ ಮಾಮು ಒಂದು ಹಿಟ್ಟಿನ ಗಿರಣಿ ನಡೆಸುತ್ತಾರೆ. ಕೆಲವು ವರ್ಷಗಳ ಹಿಂದೆ ಅದರ 10 ಎಚ್.ಪಿ. ಮೋಟಾರು ಸುಟ್ಟುಹೋಯಿತು. ಹೊಸದು ಕೊಳ್ಳುವುದೋ, ಎರಡು ಸಲ ರೀವೈಂಡಿಂಗ್ ಆದ ಹಳೆಯದೊಂದನ್ನು ಕಡಿಮೆ ಬೆಲೆಗೆ ತರುವುದೋ ಎಂಬ ಚಿಂತೆ ಅವರಿಗೆ. "ಬೇಟಾ, ನೀನು ಓದಿದವನು, ನೀನೇ ಹೇಳು" ಎಂದರು. ನಾನು ಹಿಂದೆಮುಂದೆ ನೋಡದೆ "ಹಳೆಯದನ್ನೇ ತಗೊಳ್ಳಿ ಮಾಮು, ದುಡ್ಡು ಉಳಿಯುತ್ತದೆ" ಎಂದುಬಿಟ್ಟೆ. ಅವರು ನನ್ನ ಮಾತನ್ನು ನಂಬಿದರು. ಮುಂದೆ ಕರೆಂಟ್ ಬಿಲ್ಲು ಬಂದಾಗಲೆಲ್ಲ ಅವರು ಮೀಟರನ್ನು ಬೈಯುತ್ತಿದ್ದರು. ಮಗಳ ಕಾಲೇಜು ಶುಲ್ಕ ಕಟ್ಟಲು ಸಾಲ ಮಾಡಿದ ವರ್ಷವೂ ಆ ಮೋಟಾರು ತಿರುಗುತ್ತಲೇ ಇತ್ತು.

ಕೊನೆಗೆ ನಮ್ಮ ಕಣ್ಣು ತೆರೆಸಿದವಳು ಆ ಮಗಳೇ. ಪಿಯುಸಿ ವಿಜ್ಞಾನ ಓದುತ್ತಿದ್ದ ಅವಳು ಒಂದು ಭಾನುವಾರ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿ ನನ್ನ ಮುಂದಿಟ್ಟಳು. "ಭಾಯಿಜಾನ್, ಇದು ಹತ್ತನೇ ತರಗತಿಯ ಲೆಕ್ಕ, ನೋಡಿ" ಎಂದಳು. ಆ ಲೆಕ್ಕವನ್ನೇ ಈಗ ತಮ್ಮ ಮುಂದೆ ಇಡುತ್ತೇನೆ.

ಮೋಟಾರು ತಾನು ಎಳೆದ ವಿದ್ಯುತ್ತನ್ನೆಲ್ಲ ಕೆಲಸವಾಗಿ ಮಾರ್ಪಡಿಸುವುದಿಲ್ಲ. ತಾಮ್ರದ ಸುರುಳಿಯಲ್ಲಿ, ಕಬ್ಬಿಣದ ತಗಡುಗಳಲ್ಲಿ, ಬೇರಿಂಗಿನ ಘರ್ಷಣೆಯಲ್ಲಿ ಒಂದು ಪಾಲು ಶಾಖವಾಗಿ ನಷ್ಟವಾಗುತ್ತದೆ. ಎಳೆದದ್ದರಲ್ಲಿ ಶೇಕಡಾ ಎಷ್ಟು ಕೆಲಸಕ್ಕೆ ಬಂತು ಎಂಬುದೇ ದಕ್ಷತೆ. 2008ರಲ್ಲಿ ಬಂದ ಅಂತರರಾಷ್ಟ್ರೀಯ ಮಾನಕವು ಮೋಟಾರುಗಳನ್ನು ಐಇ-1, ಐಇ-2, ಐಇ-3 ಎಂದು ವಿಂಗಡಿಸಿತು. ಮುಂದೆ ಐಇ-4 ಸೇರಿತು. ಅಂಕಿ ಏರಿದಂತೆ ದಕ್ಷತೆ ಹೆಚ್ಚು. ನಮ್ಮ ದೇಶದ ಮಾನಕ ಐಎಸ್ 12615 ಕೂಡ ಈ ವರ್ಗಗಳನ್ನೇ ಅನುಸರಿಸುತ್ತದೆ. 10 ಎಚ್.ಪಿ. ಅಂದರೆ ಸುಮಾರು 7.5 ಕಿಲೋವ್ಯಾಟ್. ಈ ಗಾತ್ರದ ನಾಲ್ಕು ಪೋಲಿನ ಮೋಟಾರಿಗೆ ಐಇ-1ರಲ್ಲಿ ದಕ್ಷತೆ ಶೇ. 86, ಐಇ-3ರಲ್ಲಿ ಶೇ. 90.4.

ನಾಲ್ಕೂವರೆ ಅಂಶದ ವ್ಯತ್ಯಾಸ ಏನು ಮಹಾ ಎನ್ನಬೇಡಿ. ಪೂರ್ಣ ಭಾರದಲ್ಲಿ ಮೊದಲನೆಯದು 7.5ನ್ನು 0.86ರಿಂದ ಭಾಗಿಸಿದಷ್ಟು, ಅಂದರೆ 8.72 ಕಿಲೋವ್ಯಾಟ್ ಎಳೆಯುತ್ತದೆ. ಎರಡನೆಯದು 8.30. ಗಂಟೆಗೆ ಉಳಿತಾಯ 0.42 ಯೂನಿಟ್. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಎಂದರೆ ಸುಮಾರು 1,000 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 7,000 ರೂಪಾಯಿ. ದಕ್ಷ ಮೋಟಾರಿಗೆ 12,000 ರೂಪಾಯಿ ಹೆಚ್ಚು ಕೊಟ್ಟೆವೆಂದುಕೊಳ್ಳಿ; ಸುಮಾರು 20 ತಿಂಗಳಲ್ಲಿ ಅದು ಮರಳಿ ಬಂತು. ಆಮೇಲಿನದೆಲ್ಲ ಉಳಿತಾಯ. ಇನ್ನೂ ಒಂದು ಮಾತು: ಐಇ-1 ಮೋಟಾರು ಇದೇ ಲೆಕ್ಕದಲ್ಲಿ ವರ್ಷಕ್ಕೆ ತಿನ್ನುವ ಕರೆಂಟು ಸುಮಾರು 1,46,000 ರೂಪಾಯಿಯದು! ಮೋಟಾರಿನ ಬೆಲೆ ಒಮ್ಮೆ ಕೊಡುವಂಥದ್ದು, ಕರೆಂಟಿನ ಬೆಲೆ ಪ್ರತಿ ತಿಂಗಳು ಕೊಡುವಂಥದ್ದು. ನಮ್ಮ ಹಿರಿಯರು ಉರ್ದುವಿನಲ್ಲಿ ಹೇಳುತ್ತಿದ್ದರಲ್ಲ, "ಮೆಹಂಗಾ ರೋಯೇ ಏಕ್ ಬಾರ್, ಸಸ್ತಾ ರೋಯೇ ಬಾರ್ ಬಾರ್." ತುಟ್ಟಿ ಕೊಂಡವನು ಒಮ್ಮೆ ಅಳುತ್ತಾನೆ, ಅಗ್ಗ ಕೊಂಡವನು ಮತ್ತೆ ಮತ್ತೆ ಅಳುತ್ತಾನೆ.

ಹಾಗೆಂದು ಎಲ್ಲರೂ ನಾಳೆಯೇ ಮೋಟಾರು ಬದಲಿಸಿ ಎಂದು ನಾನು ಹೇಳುತ್ತಿಲ್ಲ. ದಿನಕ್ಕೆ ಒಂದೇ ಗಂಟೆ ಓಡುವ ಮೋಟಾರಿಗೆ ಇದೇ ಲೆಕ್ಕ ಹಾಕಿದರೆ ವರ್ಷದ ಉಳಿತಾಯ 900 ರೂಪಾಯಿಯನ್ನೂ ಮುಟ್ಟುವುದಿಲ್ಲ. ಅಲ್ಲಿ ಆತುರ ಬೇಡ. ಬೆಳಗಿನಿಂದ ಸಂಜೆಯವರೆಗೆ ಓಡುವ ಮೋಟಾರಿನ ಕಡೆಗೆ ಮೊದಲು ನೋಡಿ. ಅದು ಸುಟ್ಟ ದಿನ ಗಡಿಬಿಡಿಯಲ್ಲಿ ತೀರ್ಮಾನಿಸುವ ಬದಲು ಈಗಲೇ ಲೆಕ್ಕ ಹಾಕಿಟ್ಟುಕೊಳ್ಳಿ.

ಕೊಳ್ಳುವ ಮುನ್ನ ಗಮನಿಸಬೇಕಾದ ನಾಲ್ಕು ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದು, ಗಾತ್ರ. "ಇರಲಿ, ದೊಡ್ಡದೇ ಇರಲಿ" ಎಂಬುದು ನಮ್ಮ ರೂಢಿ. ಸಾಮಾನ್ಯವಾಗಿ ಮೋಟಾರು ಮುಕ್ಕಾಲು ಭಾರದಿಂದ ಪೂರ್ಣ ಭಾರದವರೆಗೆ ಚೆನ್ನಾಗಿ ದುಡಿಯುತ್ತದೆ. ಅರ್ಧಕ್ಕಿಂತ ತೀರಾ ಕಡಿಮೆ ಭಾರವಿದ್ದರೆ ದಕ್ಷತೆಯೂ ಪವರ್ ಫ್ಯಾಕ್ಟರೂ ಕುಸಿಯುತ್ತವೆ. ಭಾರ ತಿಳಿಯಲು ಆಂಪಿಯರ್ ಮಾತ್ರ ನೋಡಿದರೆ ಸಾಲದು. ಬರಿದೇ ತಿರುಗುವ ಮೋಟಾರೂ ಸಾಕಷ್ಟು ಆಂಪಿಯರ್ ಎಳೆಯುತ್ತದೆ. ಉಳಿದದ್ದನ್ನೆಲ್ಲ ಆರಿಸಿ, ಒಂದು ಗಂಟೆ ಎಂದಿನಂತೆ ಕೆಲಸ ನಡೆಸಿ, ಮೀಟರಿನಲ್ಲಿ ಎಷ್ಟು ಯೂನಿಟ್ ಏರಿತೆಂದು ಬರೆದುಕೊಳ್ಳಿ.

ಎರಡನೆಯದು, ರೀವೈಂಡಿಂಗ್. ಒಳ್ಳೆಯ ಕೆಲಸಗಾರರು ಸರಿಯಾದ ದಪ್ಪದ ತಂತಿ, ಸರಿಯಾದ ಸುತ್ತು ಹಾಕಿ ಮೋಟಾರನ್ನು ಚೆನ್ನಾಗಿಯೇ ಮರಳಿಸುತ್ತಾರೆ. ಆದರೆ ಹಳೆಯ ಸುರುಳಿ ತೆಗೆಯಲು ಬೆಂಕಿಯಲ್ಲಿ ಅತಿಯಾಗಿ ಸುಟ್ಟರೆ ತಗಡುಗಳ ನಡುವಿನ ನಿರೋಧಕ ಲೇಪ ಕೆಡುತ್ತದೆ, ನಷ್ಟ ಹೆಚ್ಚುತ್ತದೆ. ಪದೇ ಪದೇ ಸುಟ್ಟ ಮೋಟಾರಿಗೆ ಮತ್ತೆ ದುಡ್ಡು ಹಾಕುವ ಮುನ್ನ ಯೋಚಿಸಿ.

ಮೂರನೆಯದು, ವೇಗ. ದಕ್ಷ ಮೋಟಾರು ಹಳೆಯದಕ್ಕಿಂತ ತುಸು ವೇಗವಾಗಿ ತಿರುಗಬಹುದು. ಫ್ಯಾನು, ಪಂಪುಗಳು ಎಳೆಯುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ನಿಮಿಷಕ್ಕೆ 1,440 ಸುತ್ತು ಇದ್ದದ್ದು 1,460 ಆದರೆ ಭಾರ ಸುಮಾರು ಶೇ. 4ರಷ್ಟು ಹೆಚ್ಚಿ, ಉಳಿತಾಯವನ್ನೆಲ್ಲ ನುಂಗಿಬಿಡಬಹುದು. ಬೆಲ್ಟಿನ ಯಂತ್ರವಾದರೆ ಪುಲ್ಲಿಯ ಅಳತೆ ಬದಲಿಸಿ ಇದನ್ನು ಸರಿಪಡಿಸಬಹುದು.

ನಾಲ್ಕನೆಯದು, ಆರೈಕೆ. ಸಡಿಲ ಬೆಲ್ಟು, ಒಣಗಿದ ಬೇರಿಂಗು, ಮೂರು ಫೇಸುಗಳಲ್ಲಿ ಸಮನಲ್ಲದ ವೋಲ್ಟೇಜು, ತಂಪುಗಾಳಿಯ ದಾರಿ ಮುಚ್ಚಿದ ಹಿಟ್ಟಿನ ಧೂಳು, ಇವು ಎಂಥ ಒಳ್ಳೆಯ ಮೋಟಾರನ್ನೂ ಕೆಡಿಸುತ್ತವೆ. ಸುರುಳಿಯ ಬಿಸಿ 10 ಡಿಗ್ರಿ ಏರಿದರೆ ಅದರ ನಿರೋಧಕದ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಈ ಕಸುಬಿನವರು ಬಲ್ಲ ಮಾತು.

ಮಾಮುವಿನ ಗಿರಣಿಗೆ ಈಗ ಐಇ-3 ಮೋಟಾರು ಬಂದಿದೆ. ಅಂಗಡಿಯಲ್ಲಿ ನೇಮ್ ಪ್ಲೇಟ್ ಓದಿ, ಐಎಸ್ಐ ಗುರುತು ನೋಡಿ ಆರಿಸಿದವಳು ಅವರ ಮಗಳು. ನಾನು ಸುಮ್ಮನೆ ಪಕ್ಕದಲ್ಲಿ ನಿಂತಿದ್ದೆ.

ಪ್ರೀತಿಯ ವಿದ್ಯಾರ್ಥಿಗಳೇ, ಭಾಗಾಕಾರವನ್ನೂ ಶೇಕಡಾವಾರನ್ನೂ ನಾವು ನಿಮಗೆ ಕಲಿಸುವುದು ಪರೀಕ್ಷೆಯ ಅಂಕಗಳಿಗಾಗಿ ಮಾತ್ರವಲ್ಲ. ಇಂದು ಮನೆಗೆ ಹೋದ ಮೇಲೆ ಅಬ್ಬಾ ಅವರ ಅಂಗಡಿಯ ಮೋಟಾರಿನ ನೇಮ್ ಪ್ಲೇಟನ್ನು, ಮೋಟಾರು ನಿಂತಿರುವಾಗ, ಧೂಳು ಒರೆಸಿ ಓದಿರಿ. ಎಷ್ಟು ಎಚ್.ಪಿ., ಯಾವ ವರ್ಗ, ದಿನಕ್ಕೆ ಎಷ್ಟು ಗಂಟೆ ಎಂದು ನೋಟ್‌ಬುಕ್ಕಿನಲ್ಲಿ ಬರೆದು ಲೆಕ್ಕ ಹಾಕಿರಿ. ಪಾಲಕ ಬಂಧುಗಳೇ, ಮಕ್ಕಳು ಆ ಲೆಕ್ಕ ತಂದು ತೋರಿಸಿದಾಗ ದಯಮಾಡಿ ಐದು ನಿಮಿಷ ಕುಳಿತು ಕೇಳಿರಿ. ಓದಿದ ಮಾಸ್ತರು ತಪ್ಪು ಹೇಳಿದ ಕಡೆ ಓದುತ್ತಿರುವ ಮಗು ಸರಿ ಹೇಳಬಹುದು.