ಬಾಯಿಗೆ ಬೀಗ ಹಾಕುವ ಕರಾರು



2019ರಲ್ಲಿ ಅಮೆರಿಕದಲ್ಲಿ ಬಂದ ‘ದಿ ಲೌಡೆಸ್ಟ್ ವಾಯ್ಸ್’ ಎಂಬ ಏಳು ಕಂತುಗಳ ಧಾರಾವಾಹಿಯನ್ನು ನೋಡಿದೆ. ಫಾಕ್ಸ್ ನ್ಯೂಸ್ ವಾಹಿನಿಯನ್ನು ಕಟ್ಟಿ ಬೆಳೆಸಿದ ರೋಜರ್ ಐಲ್ಸ್ ಅವರ ಕಥೆ ಅದು. ಪರದೆಯ ಮೇಲೆ ಯಾರು ಕಾಣಬೇಕು, ಯಾರು ಮರೆಯಾಗಬೇಕು ಎಂಬುದು ಅವರ ಕೈಯಲ್ಲಿತ್ತು. ಎಲ್ಲ ತಿಳಿದೂ ತಲೆ ತಗ್ಗಿಸಿ ಕುಳಿತ ಸುತ್ತಲಿನವರನ್ನು ಕಂಡು ನನಗೆ ಹೆಚ್ಚು ಭಯವಾಯಿತು.

ನಿರೂಪಕಿ ಗ್ರೆಚೆನ್ ಕಾರ್ಲ್‌ಸನ್ 2016ರ ಜುಲೈನಲ್ಲಿ ಅವರ ಮೇಲೆ ಲೈಂಗಿಕ ಕಿರುಕುಳದ ದಾವೆ ಹೂಡಿದರು. ಐಲ್ಸ್ ಆರೋಪವನ್ನು ಅಲ್ಲಗಳೆದರು. ಆದರೂ ಅದೇ ತಿಂಗಳು ಹುದ್ದೆ ಬಿಡಬೇಕಾಯಿತು. ಸೆಪ್ಟೆಂಬರಿನಲ್ಲಿ ಸಂಸ್ಥೆ ಆಕೆಯ ಕ್ಷಮೆ ಕೇಳಿತು.

ಇಂಥ ದೂರು ಕೋರ್ಟಿಗೆ ಹೋಗದೆ ಮಧ್ಯಸ್ಥರ ಮುಂದೆ ಗುಟ್ಟಾಗಿ ತೀರಬೇಕೆಂದು ಕೆಲಸದ ಕರಾರಿನಲ್ಲೇ ಬರೆದಿತ್ತು. ಅದಕ್ಕೇ ಆಕೆ ಸಂಸ್ಥೆಯನ್ನು ಬಿಟ್ಟು ವ್ಯಕ್ತಿಯ ಮೇಲೆ ದಾವೆ ಹಾಕಿದ್ದು. ಆಮೇಲೂ ಆಕೆ ಸುಮ್ಮನಿರಲಿಲ್ಲ. ಲೈಂಗಿಕ ಕಿರುಕುಳದ ದೂರುಗಳಲ್ಲಿ ಇಂಥ ಕರಾರನ್ನು ಹೇರಬಾರದೆಂದು ಅಮೆರಿಕ 2022ರಲ್ಲಿ ಕಾನೂನು ಮಾಡಿತು; ಅದರ ಹಿಂದೆ ಆಕೆಯ ಓಡಾಟವಿತ್ತು.

ನೊಂದ ಹೆಣ್ಣುಮಗಳನ್ನು ‘ಇಷ್ಟು ದಿನ ಏಕೆ ಹೇಳಲಿಲ್ಲ?’ ಎಂದು ಕೇಳುವ ಮೊದಲು, ಹೇಳುವುದಕ್ಕೆ ನಾವು ಎಡೆ ಕೊಟ್ಟಿದ್ದೆವೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ. ಕಾಯಕಕ್ಕೆ ಬಂದವಳು ತನ್ನ ಮಾನವನ್ನು ಬಾಗಿಲಲ್ಲಿ ಬಿಟ್ಟು ಬರುವುದಿಲ್ಲ.