ಕೋಕೋ ತೋಟದ ಮಕ್ಕಳು
(ಕಾರ್ಮಿಕರ ಸಭೆಯೊಂದರಲ್ಲಿ ಮಾಡಿದ ಭಾಷಣ)

ಮಕ್ಕಳ ದುಡಿಮೆಯೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ಗಿರಣಿ, ಹೋಟೆಲು, ಬೀಡಿ. ಆದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಯುನಿಸೆಫ್ 2024ಕ್ಕೆ ಹಾಕಿದ ಲೆಕ್ಕದಂತೆ ಲೋಕದಲ್ಲಿ ಹೀಗೆ ದುಡಿಯುವ ಮಕ್ಕಳು 13 ಕೋಟಿ 80 ಲಕ್ಷ. ಅವರಲ್ಲಿ ನೂರಕ್ಕೆ 61 ಮಂದಿ ಇರುವುದು ಬೇಸಾಯದಲ್ಲಿ. ಇಂದು ಅಂಥ ಒಂದು ಬೆಳೆಯ ಮಾತನ್ನಷ್ಟೇ ಹೇಳುತ್ತೇವೆ.

ಚಾಕೊಲೇಟು ಮಾಡುವ ಕೋಕೋ ಬೀಜದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಿಂದ. ಅಲ್ಲಿ ಮಕ್ಕಳು ಮಚ್ಚು ಹಿಡಿದು ಕಳೆ ಸವರುತ್ತಾರೆ, ಕಾಯಿ ಒಡೆಯುತ್ತಾರೆ, ಮೈಗೆ ಮೀರಿದ ಹೊರೆ ಹೊರುತ್ತಾರೆ. 2001ರಲ್ಲಿ ಅಮೆರಿಕದ ಕೆಳಮನೆಯು, ಗುಲಾಮ ಮಕ್ಕಳ ಬೆವರಿಲ್ಲದ ಚಾಕೊಲೇಟಿಗೆ ಹಾಗೆಂದು ಚೀಟಿ ಅಂಟಿಸುವ ಏರ್ಪಾಡಿಗೆ ಒಪ್ಪಿಗೆ ಕೊಟ್ಟಿತು. ಕಂಪೆನಿಗಳು ಗಾಬರಿಬಿದ್ದವು. ಕಾಯಿದೆ ಏಕೆ, ನಾವೇ ಮಾತು ಕೊಡುತ್ತೇವೆ ಎಂದವು. ಅತಿ ಕೆಟ್ಟ ಬಗೆಯ ಮಕ್ಕಳ ದುಡಿಮೆಯನ್ನು ತೊಲಗಿಸಲು ವಾಯಿದೆ 2005. ಅದು 2008 ಆಯಿತು, 2010 ಆಯಿತು, ಕೊನೆಗೆ 2020 ಆಯಿತು; ಅಷ್ಟರಲ್ಲಿ ತೊಲಗಿಸುವ ಮಾತು ಹೋಗಿ ನೂರಕ್ಕೆ 70 ಪಾಲು ತಗ್ಗಿಸುವ ಮಾತು ಬಂದಿತ್ತು.

ತಗ್ಗಿತೆ? ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು ಎಣಿಸಿದರು. ಆ ಸೀಮೆಯ ಬೇಸಾಯಗಾರರ ಮನೆಗಳಲ್ಲಿ 2008-09ರಲ್ಲಿ ಕೋಕೋ ಕೆಲಸಕ್ಕೆ ಸಿಕ್ಕಿದ್ದ ಮಕ್ಕಳು ನೂರಕ್ಕೆ 31, 2018-19ರಲ್ಲಿ 45. ತಲೆಯೆಣಿಕೆಯಲ್ಲಿ 15 ಲಕ್ಷ 60 ಸಾವಿರ. ಅಂಗಡಿಕಾರ ಮಿತ್ರರೆ, ನಾಲ್ಕು ವಾಯಿದೆ ತಪ್ಪಿಸಿದ ಗಿರಾಕಿಗೆ ನೀವು ಮತ್ತೆ ಉದ್ರಿ ಕೊಡುತ್ತೀರಾ?

ಗಿರಣಿಯವರಿಗಂತೂ ಇದು ಹಳೆಯ ಕಥೆ. ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಹತ್ತಿ ಗಿರಣಿಗೆ ಸೇರಿಸಕೂಡದೆಂದು ಇಂಗ್ಲೆಂಡಿನಲ್ಲಿ 1819ರಲ್ಲೇ ಕಾಯಿದೆಯಾಗಿತ್ತು. ನೋಡಿಕೊಳ್ಳುವವರಿಲ್ಲದೆ ಅದು ಕಾಗದದಲ್ಲೇ ಉಳಿಯಿತು. 1833ರಲ್ಲಿ ಸರ್ಕಾರವೇ ಇನ್‌ಸ್ಪೆಕ್ಟರುಗಳನ್ನು ನೇಮಿಸಿತು. ಇಡೀ ದೇಶಕ್ಕೆ ನಾಲ್ಕೇ ಜನ! ಆದರೂ ಜಾರಿಯೆಂಬುದು ಶುರುವಾದದ್ದು ಆಗಲೇ.

ಹಾಗೆಂದು ಆ ರೈತನನ್ನು ಕಟುಕನೆನ್ನಲು ನಾವು ಸಿದ್ಧರಿಲ್ಲ. ಮಾಲಿ, ಬುರ್ಕಿನಾ ಫಾಸೊ ದೇಶಗಳಿಂದ ದಳ್ಳಾಳಿಗಳು ತಂದುಬಿಟ್ಟ ಮಕ್ಕಳೂ ಅಲ್ಲಿದ್ದಾರೆ, ನಿಜ. ಆದರೆ ಬಹುಮಂದಿ ಮನೆಮಕ್ಕಳೇ. ಅವನಿಗಿರುವುದು ಕೆಲವೇ ಎಕರೆ. ಆಳಿಗೆ ಕೂಲಿ ಕೊಟ್ಟರೆ ಗಿಟ್ಟದು, ಮಗನ ಕೈಗೆ ಮಚ್ಚು ಕೊಡುತ್ತಾನೆ. ಇನ್‌ಸ್ಪೆಕ್ಟರನೊಬ್ಬನೇ ಬಂದರೆ ಸಾಲದು, ನ್ಯಾಯವಾದ ಧಾರಣೆಯೂ ಅವನ ಬಾಗಿಲಿಗೆ ಬರಬೇಕು. 2024ರ ಏಪ್ರಿಲಿನಲ್ಲಿ ಲೋಕದ ಪೇಟೆಯಲ್ಲಿ ಕೋಕೋ ಟನ್ನಿಗೆ 10,000 ಡಾಲರು ದಾಟಿತ್ತು. ಅದೇ ತಿಂಗಳು ಐವರಿ ಕೋಸ್ಟಿನ ಸರ್ಕಾರ ರೈತನಿಗೆ ಗೊತ್ತುಮಾಡಿದ್ದು ಕಿಲೋಗೆ 1,500 ಫ್ರಾಂಕು, ಅಂದರೆ ಟನ್ನಿಗೆ ಸುಮಾರು 2,500 ಡಾಲರು. ಬೆಳೆಯ ಬಹುಪಾಲನ್ನು ಹಳೆಯ ಅಗ್ಗದ ಧಾರಣೆಗೆ ಮೊದಲೇ ಮಾರಿಯಾಗಿತ್ತು.